ನೆರಳು ಯಾವ ಕಡೆಯಿಂದ

ಆನ್ಸಾನ್ ಎಂಬ ಊರಿನ ಕಾರ್ಖಾನೆಗಳ ಹಿಂದೆ, ಕಾರ್ಮಿಕ ಸಂಘದ ನೆಲಮಾಳಿಗೆಯಲ್ಲಿ ಭಾನುವಾರ ಮಧ್ಯಾಹ್ನ ಚಿತ್ರ ಕಲಿಸುತ್ತಿದ್ದರು. ಯಂತ್ರಕ್ಕೆ ಬೆರಳು ಕೊಟ್ಟವರು, ಮನೆಯವರನ್ನೇ ಕೊಟ್ಟವರು ಅಲ್ಲಿಗೆ ಬರುತ್ತಿದ್ದರು. ಆ ದಿನ ಎಲ್ಲರೂ ಹಣ್ಣು ತಂದು ತಮಗೆ ತೋಚಿದಂತೆ ಜೋಡಿಸಿ ಬರೆಯಬೇಕಿತ್ತು.

ಬೊಕ್‌ಹಿ ಸೇಬುಗಳನ್ನು ಬಲಕ್ಕಿಟ್ಟಳು, ಪೇರ್ ಹಣ್ಣುಗಳನ್ನು ಎಡಕ್ಕೆ. ಆಮೇಲೆ ಚಾಕು ತೆಗೆದು ಒಂದೊಂದರ ನೆತ್ತಿಯನ್ನೂ ತೆಳ್ಳಗೆ ಕೊಯ್ದಳು.

ಬಲಗೈಯಲ್ಲಿ ಎರಡೇ ಬೆರಳು ಉಳಿದಿದ್ದ ಪಿಲ್ಗು ಪಕ್ಕದ ಬೆಂಚಿನಿಂದ ಬಗ್ಗಿ ನೋಡಿದ. "ಅಕ್ಕಾ, ನೆತ್ತಿ ಕೊಯ್ದು ಎಡೆಗೆ ಇಟ್ಟಂಗಿದೆ, ಇದ್ಯಾರ ತಿಥಿ? ನಾವೂ ಅಡ್ಡ ಬೀಳ್ಬೇಕಾ ಹೆಂಗೆ?"

ಎಲ್ಲರೂ ನಕ್ಕರು. ಬೊಕ್‌ಹಿ ತನ್ನ ಕೈಯಲ್ಲಿದ್ದ ಚಾಕುವನ್ನು ಆಗಷ್ಟೇ ಕಂಡವಳಂತೆ ನೋಡಿದಳು.

"ನನ್ ತಂಗೀದು," ಎಂದಳು. "ಹಣ್ಣು ಬೇರೆ ಥರ ಇಡೋದು ಈ ಕೈಗೆ ಮರ್ತೇ ಹೋಗಿದೆ ಕಣೋ."

"ಥೂ, ನನ್ ಬಾಯಿಗಿಷ್ಟು! ತಪ್ಪಾಯ್ತಕ್ಕ."

ತಂಗಿ ಮಾಲ್ಸುನ್ ಸತ್ತದ್ದು ಕಾರಿನ ಬಿಡಿಭಾಗ ಒತ್ತುವ ಯಂತ್ರದ ಬಾಯಲ್ಲಿ. ಅವಳನ್ನು ಆ ಕೆಲಸಕ್ಕೆ ಸೇರಿಸಿದವಳು ಬೊಕ್‌ಹಿ. ಆ ಸಾಲಿನ ಮೇಲ್ವಿಚಾರಕಿಯೂ ಅವಳೇ. "ಬೇಗ ತೆಗಿಯೇ, ನಿದ್ದೆ ಮಾಡ್ತಿದೀಯಾ?" ಎಂದು ಆ ಬೆಳಿಗ್ಗೆ ಕೂಗಿದ್ದೂ ಅವಳೇ. ಸತ್ತವಳದ್ದೇ ಅಜಾಗರೂಕತೆ ಎಂದು ಕಂಪನಿ ಕೈತೊಳೆದುಕೊಂಡಿತು. ಬೊಕ್‌ಹಿ ಆ ಪಾಪವನ್ನು ಹೊತ್ತುಕೊಂಡಳು. ವರ್ಷವರ್ಷವೂ ಎಡೆ ಇಡುವಳು. ಆಮೇಲೆ ಮನೆಮಂದಿ ಕೂತು ಉಣ್ಣಬೇಕಾದ ಅದೇ ಎಡೆಯನ್ನು ಪೂರ್ತಿ ನೆರೆಮನೆಗೆ ಹಂಚಿ ತಾನು ಉಪವಾಸ ಮಲಗುವಳು.

ಆ ಸಾವಿಗಾಗಿ ಸಂಘ ಕಂಪನಿಯ ಮೇಲೆ ಹೂಡಿದ ಮೊಕದ್ದಮೆಯ ವಿಚಾರಣೆ ಬರುವ ಬುಧವಾರ ಕೋರ್ಟಿನಲ್ಲಿತ್ತು. ಸಾಕ್ಷಿಗೆ ಬಾ ಎಂದು ಸಂಘದವರು ಕೇಳಿ ಕೇಳಿ ಸೋತಿದ್ದರು. "ಕೂಗಿದ್ದು ನೀನೇ ತಾನೇ ಅಂತಾರೆ," ಎನ್ನುವಳು, ಅಷ್ಟಕ್ಕೇ ಎದ್ದು ಹೋಗುವಳು.

ಅವಳು ಹಣ್ಣಿನ ಚಿತ್ರ ಬರೆಯತೊಡಗಿದಳು. ಸೀಸದ ಕಡ್ಡಿಯನ್ನು ಎಷ್ಟು ಅದುಮಿದಳೆಂದರೆ ಸೇಬಿನ ಬುಡದಲ್ಲಿ ಹಾಳೆ ಹರಿಯಿತು. ಅಳಿಸಿದಳು. ಮತ್ತೆ ಅದುಮಿದಳು.

"ದರಿದ್ರ ಕೈ," ಎಂದು ತನ್ನ ಕೈಗೇ ಹೊಡೆದುಕೊಂಡಳು.

ಯೂನ್ ಟೀಚರ್ ಬಂದು ಹಿಂದೆ ನಿಂತಳು. ವಯಸ್ಸಿನಲ್ಲಿ ಮಗಳಂಥವಳು, ಬಾಯಿ ಮಾತ್ರ ಚುರುಕು. "ಅದ್ಯಾಕೆ ಹೊಡೀತೀರಿ? ಪಾಪ, ಅದು ಹೇಳ್ದಷ್ಟು ಕೆಲ್ಸ ಮಾಡ್ತಿದೆ. ನೋಡಿ ಇಲ್ಲಿ, ಹಣ್ಣಿನ ಸುತ್ತ ನಾಲ್ಕೂ ಕಡೆ ಕತ್ತಲೆ ಬಳ್ದಿದೀರಿ. ಹಂಗೆ ಎಲ್ಲಾ ಕಡೆ ಬೀಳಲ್ಲಮ್ಮ ನೆರಳು. ಇರೋ ದೀಪ ಅದೊಂದೇ. ಅದು ಎಲ್ಲಿದೆ ನೋಡ್ಕೊಂಡು ಬರೀರಿ."

ಬೊಕ್‌ಹಿ ತಲೆಯೆತ್ತಿದಳು. ದೀಪ ನೋಡಿದಳು. ನೋಡುತ್ತಲೇ ಇದ್ದಳು.

ಒತ್ತುಯಂತ್ರದ ಬಾಯಿಗೆ ಅಡ್ಡಲಾಗಿ ಬೆಳಕಿನ ಒಂದು ತೆರೆ ಇರುತ್ತದೆ. ಕೈ ಅದನ್ನು ದಾಟಿದರೆ ಯಂತ್ರ ತಕ್ಷಣ ನಿಲ್ಲಬೇಕು. ಸಲಸಲಕ್ಕೂ ನಿಂತರೆ ಉತ್ಪಾದನೆ ಕುಸಿಯುತ್ತದೆಂದು ವ್ಯವಸ್ಥಾಪಕ ಆ ಬೆಳಕನ್ನೇ ಆರಿಸಿಟ್ಟಿದ್ದ. ಎಲ್ಲರಿಗೂ ಗೊತ್ತಿತ್ತು. ಅವಳ ಕೂಗಿಗೆ ಮಾಲ್ಸುನ್ ಕೈ ಚಾಚಿದ್ದು ನಿಜ. ಆ ಕೈಯನ್ನು ತಡೆಯಬೇಕಾದ ಬೆಳಕನ್ನು ಕೊಂದವನು ಬೇರೆ. ಅವನು ಈಗ ಇನ್ನೂ ದೊಡ್ಡ ಕುರ್ಚಿಯಲ್ಲಿದ್ದಾನೆ.

ಹೊಸ ಹಾಳೆ ತೆಗೆದುಕೊಂಡಳು. ಒಂದೇ ಕಡೆಯಿಂದ ಬೆಳಕು, ಒಂದೇ ಕಡೆಗೆ ನೆರಳು. ಸೇಬು ಸೊಟ್ಟಗಾಯಿತು, ಅಳಿಸಲಿಲ್ಲ. ಕೊಯ್ದ ನೆತ್ತಿಗಳು ಅಷ್ಟರಲ್ಲಿ ಕಂದಿಹೋಗಿದ್ದವು. ಆ ಕಲೆಯನ್ನೂ ಬರೆದಳು.

ಮುಗಿದ ಮೇಲೆ ಹಣ್ಣು ಹೆಚ್ಚಿ ಎಲ್ಲರಿಗೂ ಹಂಚಿದಳು. ಒಂದು ಹೋಳು ತಟ್ಟೆಯಲ್ಲಿ ಉಳಿಯಿತು.

"ಅದು ನಿಂದಕ್ಕ," ಎಂದ ಪಿಲ್ಗು.

ಬಾಯಿಗಿಟ್ಟುಕೊಂಡಳು. ನಿಧಾನವಾಗಿ ಅಗಿದು ನುಂಗಿದಳು. ಪಿಲ್ಗು ನೀರು ಕೊಟ್ಟ.

"ಬುಧವಾರ ಎಷ್ಟೊತ್ತಿಗೋ?"

"ಹತ್ತಕ್ಕೆ. ಅಕ್ಕ, ಅವ್ರ ಲಾಯರು ನಿನ್ನ ಹರ್ದು ಹಾಕ್ತಾನೆ."

"ಹಾಕ್ಲಿ. ಕೂಗ್ದೆ ಅಂತೀನಿ. ನಾನು ಕೂಗ್ದೆ, ಹೌದು. ದೀಪ ಆರ್ಸಿದ್ಯಾರು, ಅದನ್ನೂ ಬರ್ಕೊಳ್ಳಿ ಅಂತೀನಿ."