ಒಂಬತ್ತು ಟೇಕ್

ತೆರೆಯ ಮೇಲೆ ಯಾರೇ ನಡೆಯಲಿ, ಬಳೆ ಒಡೆಯಲಿ, ಕಪಾಳಕ್ಕೆ ಬಾರಿಸಲಿ, ಆ ಸದ್ದು ನನ್ನದು. ಕೆಂಪಾಪುರದ ಸ್ಟುಡಿಯೋದಲ್ಲಿ ಮೈಕಿನ ಮುಂದೆ ಕೂತು ಅದನ್ನೇ ಮಾಡುತ್ತೇನೆ. ಅಪ್ಪ ಶೂಟಿಂಗಿನವರ ಜನರೇಟರ್ ವ್ಯಾನ್ ಓಡಿಸುತ್ತಿದ್ದರು. ಅವ್ವ ಶಿವಲಿಂಗವ್ವ ನಾಟಕ ಕಂಪನಿ ಬಿಟ್ಟು ಬಂದು ಸಿನಿಮಾದಲ್ಲಿ ಚಿಕ್ಕಪುಟ್ಟ ಪಾತ್ರ ಮಾಡಿದವಳು. ಒಂದು ಚಿತ್ರದಲ್ಲಿ ನಾಯಕ ಅವಳ ಕೆನ್ನೆಗೆ ಹೊಡೆಯಬೇಕಿತ್ತು. ನಿರ್ದೇಶಕ ಮಹೇಂದ್ರನಿಗೆ ಒರಿಜಿನಲ್ ಏಟೇ ಬೇಕು. ಒಂಬತ್ತು ಟೇಕ್ ಹೊಡೆಸಿದ. ಆಮೇಲೆ ನಗುತ್ತ, "ಮೊದಲ್ನೇದೇ ಓಕೆ ಇತ್ತಮ್ಮ, ಉಳಿದಿದ್ದು ಸೇಫ್ಟಿಗೆ" ಅಂದನಂತೆ. ಅವತ್ತಿನಿಂದ ಅವ್ವನ ಎಡಗಿವಿ ಕೇಳುವುದಿಲ್ಲ. ಥೂ, ಅವನ ಮುಖಕ್ಕಿಷ್ಟು!

ಕಳೆದ ಗುರುವಾರ ಅದೇ ಮಹೇಂದ್ರ ಹೊಸ ಚಿತ್ರ ಹಿಡಿದುಕೊಂಡು ನಮ್ಮ ಸ್ಟುಡಿಯೋಗೆ ಬಂದ. ಜೊತೆಗೆ ನಿರ್ಮಾಪಕಿ ಮೋನಿಷಾ. ನಾನು ಯಾರ ಮಗಳೆಂದು ಅವನಿಗೆ ಗೊತ್ತಿರಲಿಲ್ಲ. ಕಪಾಳಮೋಕ್ಷದ ದೃಶ್ಯ ಬಂತು. ಒದ್ದೆ ಚರ್ಮದ ತುಂಡಿಗೆ ಹೊಡೆದು ಕೇಳಿಸಿದೆ.

"ಏನಮ್ಮ ಇದು, ಸಪ್ಪೆ! ನನ್ ಪಿಕ್ಚರಲ್ಲಿ ಎಲ್ಲಾ ಒರಿಜಿನಲ್ಲೇ ಇರ್ಬೇಕು," ಎಂದು ಮೋನಿಷಾ ಕಡೆ ನೋಡಿ ಮೀಸೆ ತಿರುವಿದ.

ಸಿಕ್ಕಿಬಿದ್ದೆಯಲ್ಲ ಮಗನೇ, ಅಂದುಕೊಂಡೆ. "ಒರಿಜಿನಲ್ ಬೇಕಂದ್ರೆ ಕೆನ್ನೆನೇ ಬೇಕು ಸರ್. ನಿಮ್ದು ಕೊಡ್ತೀರಾ?"

ಮೋನಿಷಾ ಕಿಸಕ್ಕನೆ ನಕ್ಕಳು. "ಕೂತ್ಕೊಳ್ಳಿ ಸರ್, ನೀವೇ ಹೇಳಿದ್ದಲ್ವಾ!"

ಅವಳೆದುರು ಹಿಂದೆ ಸರಿದರೆ ಮರ್ಯಾದೆ ಹೋಗುತ್ತದೆ. ಕೂತ.

ಮೊದಲನೆಯದು ಪಟಾರನೆ ಬಿತ್ತು. ಹೆಡ್‌ಫೋನಿನಲ್ಲಿ ಆಹಾ, ಏನು ಸದ್ದು! "ಇನ್ನೊಂದು ಸರ್," ಅಂದೆ. ಮೂರಕ್ಕೆ ಕಣ್ಣಲ್ಲಿ ನೀರು ಬಂತು. ಆರಕ್ಕೆ ಕೆನ್ನೆ ಊದಿಕೊಂಡಿತು. "ಸಾಕೇನಮ್ಮ?" ಅಂದ. "ಸ್ವಲ್ಪ ಅಲ್ಲಾಡಿದ್ರಿ ಸರ್." ನನ್ನ ಕೈ ಉರಿಯುತ್ತಿತ್ತು, ಹೊಟ್ಟೆ ತಣ್ಣಗಾಗುತ್ತಿತ್ತು. ಒಂಬತ್ತಕ್ಕೆ ನಿಲ್ಲಿಸಿದೆ.

"ಯಾವ್ದು ಓಕೆ?" ಕೆನ್ನೆ ಹಿಡಿದುಕೊಂಡೇ ಕೇಳಿದ.

"ಮೊದಲ್ನೇದೇ ಓಕೆ ಇತ್ತು ಸರ್, ಉಳಿದಿದ್ದು ಸೇಫ್ಟಿಗೆ. ಶಿವಲಿಂಗವ್ವಂಗೂ ಇದನ್ನೇ ಹೇಳಿದ್ರಲ್ಲ? ನಾನು ಅವರ ಮಗಳು."

ಅವನ ಕೈ ಕೆನ್ನೆಯಿಂದ ಜಾರಿತು. ಮೋನಿಷಾಳ ನಗು ನಿಂತಿತ್ತು.

ಸಂಜೆ ದಾಸರಹಳ್ಳಿಯ ಮನೆಯಲ್ಲಿ ಅವ್ವನ ಬಲಗಿವಿಗೆ ಮೊಬೈಲ್ ಹಿಡಿದು ರೆಕಾರ್ಡ್ ಮಾಡಿದ್ದೆಲ್ಲವನ್ನೂ ಕೇಳಿಸಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ. ಅವ್ವ ಒಂದೊಂದೇ ಬೆರಳು ಮಡಚುತ್ತ ಒಂಬತ್ತೂ ಕೇಳಿದಳು. ಆಮೇಲೆ ಮೊಬೈಲ್ ಕಸಿದುಕೊಂಡು ಎಡಗಿವಿಗೆ ಒತ್ತಿ ಹಿಡಿದಳು.

"ಇನ್ನೊಮ್ಮಿ ಹಚ್ಚವಾ," ಅಂದಳು. "ಈ ಕಿವಿಗೂ ಗೊತ್ತಾಗ್ಲಿ."