ಹೊಳೆಯುವ ಟೈರು, ಹಳೆಯ ಎಲಾಸ್ಟಿಕ್ಕು

ಫೋನು ಬಂದಾಗ ಕಾಜಮ್ಮನ ಬಾಯಲ್ಲಿ ದಾರವಿತ್ತು. ಅಂಗಿಯೊಂದಕ್ಕೆ ಆರನೆಯ ಗುಂಡಿ ಹಾಕಿ, ದಾರವನ್ನು ಹಲ್ಲಿನಿಂದ ಕತ್ತರಿಸುವ ಹೊತ್ತಿಗೆ ಆ ಕಡೆಯಿಂದ ಮಗಳ ದನಿ.

"ಅಮ್ಮಾ, ಡಾಕ್ಟರು ಹೂಂ ಅಂದ್ರು! ಪಾಪುಗೆ ಎರಡು ತಿಂಗಳಾಯ್ತಲ್ಲ, ಇನ್ನು ಪ್ರಯಾಣ ಮಾಡಬಹುದಂತೆ. ಭಾನುವಾರ ಬಂದು ಕರ್ಕೊಂಡು ಹೋಗ್ತೀರಾ?"

"ಬರ್ತೀವಿ!" ಎಂದು ಕೂಗಿದ್ದು ಕಾಜಮ್ಮನಲ್ಲ, ಅವಳ ಅತ್ತೆ. ಕಿಟಕಿಯ ಪಕ್ಕ ಕೂತು ಚೂರುಬಟ್ಟೆ ಬೇರ್ಪಡಿಸುತ್ತಿದ್ದ ಆ ಅಜ್ಜಿಗೆ ಪಕ್ಕದಲ್ಲಿ ಗುಡುಗಿದರೂ ಕೇಳುವುದಿಲ್ಲ, ಮರಿಮೊಮ್ಮಗಳ ಸುದ್ದಿ ಮಾತ್ರ ಗೋಡೆಯಾಚೆಯಿಂದಲೂ ಕೇಳುತ್ತದೆ.

ಹೊಲಿಗೆಯಂತ್ರ ಗಕ್ಕನೆ ನಿಂತಿತು. ಕಾಜಮ್ಮನ ಗಂಡ ಕೊರಳಲ್ಲಿದ್ದ ಅಳತೆಪಟ್ಟಿಯನ್ನು ಹಾರದ ಹಾಗೆ ಸರಿಮಾಡಿಕೊಂಡು ಎದ್ದು ನಿಂತರು. ಇಡೀ ಬೀದಿ ಅವರನ್ನು ಮಾಸ್ಟರು ಎಂದೇ ಕರೆಯುವುದು. ಅವರ ಅಂಗಿಗಳಿಗೆ ಕಾಜ ಹಾಕುವ ಹೆಂಡತಿ ಎಲ್ಲರ ಬಾಯಲ್ಲೂ ಕಾಜಮ್ಮ. ಮನೆಯ ಮುಂದಿನ ಕೋಣೆಯೇ ಅಂಗಡಿ.

"ಭಾನುವಾರ ಬೆಳಿಗ್ಗೆ ಆರಕ್ಕೆ ಹೊರಟ್ರೆ ಹನ್ನೆರಡಕ್ಕೆ ಅಲ್ಲಿ," ಎಂದರು ಮಾಸ್ಟರು. "ನಮ್ಮ ರಾಣಿ ರೆಡಿ ಇದಾಳೆ!"

ರಾಣಿ ಅಂದರೆ ಕಾರು. ಆರು ವರ್ಷದ ಹಿಂದೆ ಇನ್ನೊಬ್ಬರಿಂದ ಕೊಂಡದ್ದು. ಮಾಸ್ಟರು ಆ ಕಾರನ್ನು ಓಡಿಸಿದ್ದಕ್ಕಿಂತ ಅದಕ್ಕೆ ಬಟ್ಟೆ ಹೊಲಿದದ್ದೇ ಹೆಚ್ಚು. ಸೀಟಿಗೆ ಕವರು, ಸ್ಟೀರಿಂಗಿಗೆ ಕವರು, ಗೇರಿನ ತಲೆಗೊಂದು ಟೋಪಿ. ಡಿಕ್ಕಿಯಲ್ಲಿದ್ದ ಸ್ಟೆಪ್ನಿ ಟೈರಿಗೂ ಹತ್ತಿ ತುಂಬಿದ ದಪ್ಪ ಚೀಲ ಹೊಲಿದು, ಬಾಯಿಗೆ ಕೈಹೊಲಿಗೆ ಹಾಕಿ ಮುಚ್ಚಿದ್ದರು. ವಾರಕ್ಕೊಮ್ಮೆ ಪೇಟೆಗೆ ಹೋಗಿ ಬಟ್ಟೆ ತರುವುದು ಬಿಟ್ಟರೆ ರಾಣಿ ಅರಮನೆ ಬಿಟ್ಟು ಕದಲುತ್ತಿರಲಿಲ್ಲ.

ಆ ಗುರುವಾರ ಮಧ್ಯಾಹ್ನದೊಳಗೆ ಮನೆ ಮೇಲುಕೆಳಗಾಯಿತು. ಅಜ್ಜಿ ಮೂರು ಚೀಲ ತುಂಬಿದರು. ಕಾಜಮ್ಮ ಒಲೆಯ ಮೇಲೆ ಹಾಲಿಟ್ಟದ್ದು ಮರೆತಳು. ಮಾಸ್ಟರು ಹೊಲಿಗೆಯಂತ್ರದ ಎಣ್ಣೆ ಡಬ್ಬಿ ಹಿಡಿದು, ಹಳೆಯ ಬನಿಯನ್ ತುಂಡು ಹೆಗಲಿಗೆ ಹಾಕಿಕೊಂಡು ಬೀದಿಗಿಳಿದರು. ಟೈರಿಗೆ ಆ ಎಣ್ಣೆ ತಿಕ್ಕುವುದು ಅವರ ಪ್ರತಿ ವಾರದ ಸೇವೆ. ತಿಕ್ಕಿದಷ್ಟೂ ಟೈರು ಹೊಸ ಬೂಟಿನ ಹಾಗೆ ಮಿರಮಿರ ಮಿಂಚುತ್ತಿತ್ತು.

ಆ ಹೊತ್ತಿಗೆ ಎದುರುಮನೆಯ ವ್ಯಾನಕ್ಕ ತನ್ನ ಹಳದಿ ವ್ಯಾನು ನಿಲ್ಲಿಸಿ ಇಳಿದಳು. ಹನ್ನೊಂದು ವರ್ಷದಿಂದ ಶಾಲೆಯ ಮಕ್ಕಳನ್ನು ಕರೆದೊಯ್ಯುವವಳು. ನಾಲ್ಕೂ ಚಕ್ರ ನೋಡದೆ ಗಾಡಿ ಹತ್ತುವವಳಲ್ಲ.

"ಏನು ಮಾಸ್ಟರೇ, ರಾಣಿಗೆ ಅಭ್ಯಂಜನವಾ?"

"ಭಾನುವಾರ ಮೊಮ್ಮಗಳನ್ನ ಕರ್ಕೊಂಡು ಬರೋಕೆ ಹೋಗ್ತಾ ಇದೀವಿ ವ್ಯಾನಕ್ಕ! ಇದೇ ಕಾರಲ್ಲಿ!"

"ಆಹಾ, ಬರಲಿ ಬರಲಿ!" ವ್ಯಾನಕ್ಕ ಚಪ್ಪಾಳೆ ತಟ್ಟಿದಳು. ಆಮೇಲೆ ಎಣ್ಣೆ ಡಬ್ಬಿಯ ಮೇಲೆ ಕಣ್ಣು ಬಿತ್ತು. "ಅದು ಮಷೀನೆಣ್ಣೆ ತಾನೇ? ಅಯ್ಯೋ, ಅದು ರಬ್ಬರನ್ನ ತಿನ್ನುತ್ತೆ. ಟೈರು ತೊಳೆಯೋಕೆ ಸೋಪುನೀರು ಸಾಕು."

"ತಿನ್ನೋದಿದ್ರೆ ಇಷ್ಟು ಹೊಳೀತಿತ್ತಾ?"

ಬಾಗಿಲಲ್ಲಿ ನಿಂತಿದ್ದ ಕಾಜಮ್ಮ ಬೀದಿಗಿಳಿದಳು. ಅವಳು ಬೀಗ ಹಾಕಿ ಎರಡು ಸಲ ಎಳೆದು ನೋಡುವ ಹೆಂಗಸು. "ವ್ಯಾನಕ್ಕ, ನೀವೇ ಒಂದ್ಸಲ ನೋಡಿಬಿಡಿ. ಪಾಪು ಬರೋ ಗಾಡಿ."

"ನೋಡಲಿ, ನೋಡಲಿ," ಎಂದು ಮಾಸ್ಟರು ಕೊರಳಿನಿಂದ ಅಳತೆಪಟ್ಟಿ ತೆಗೆದರು. ಟೈರಿನ ಗೀರಿನೊಳಗೆ ಅದರ ತುದಿ ಇಳಿಸಿ ಅಳೆದರು. "ಆರು ಮಿಲಿಮೀಟರು! ಏನಂತೀರಾ? ಸವೆದೇ ಇಲ್ಲ!"

"ಗೀರು ಚೆನ್ನಾಗೇ ಇದೆ, ಒಪ್ಪಿದೆ," ಎಂದಳು ವ್ಯಾನಕ್ಕ. "ನೋಡಿ, ಗೀರಿನ ತಳದಲ್ಲಿ ಅಲ್ಲಲ್ಲಿ ಸಣ್ಣ ಉಬ್ಬು ಇದೆಯಲ್ಲ? ಟೈರು ಸವೆದು ಆ ಉಬ್ಬಿನ ಮಟ್ಟಕ್ಕೆ ಬಂದರೆ ಅದರ ಕಾಲ ಮುಗೀತು. ನಿಮ್ಮದು ಅಷ್ಟು ಸವೆದಿಲ್ಲ. ಆದರೆ ಮಾಸ್ಟರೇ, ವಯಸ್ಸು ನೋಡಿದ್ರಾ?"

"ಟೈರಿಗೆಂಥಾ ವಯಸ್ಸು? ಹೆಣ್ಣು ನೋಡೋಕೆ ಬಂದಿದೀರಾ?"

ವ್ಯಾನಕ್ಕ ನಗುತ್ತಲೇ ಮಂಡಿಯೂರಿದಳು. ಬನಿಯನ್ ತುಂಡಿನಿಂದ ಟೈರಿನ ಬದಿಯ ಎಣ್ಣೆ ಒರೆಸಿದಳು. ಸಣ್ಣ ಚೌಕಟ್ಟಿನೊಳಗೆ ನಾಲ್ಕು ಅಂಕಿಗಳು ಕಾಣಿಸಿದವು. ಮೂರು, ನಾಲ್ಕು, ಒಂದು, ಮೂರು.

"ಮೊದಲ ಎರಡು ಅಂಕಿ ವಾರ, ಆಮೇಲಿನ ಎರಡು ವರ್ಷ. ಅಂದ್ರೆ ಈ ಟೈರು ಹುಟ್ಟಿದ್ದು ಎರಡು ಸಾವಿರದ ಹದಿಮೂರನೇ ಇಸವಿ, ಮೂವತ್ತನಾಲ್ಕನೇ ವಾರ."

ಕಾಜಮ್ಮ ಬೆರಳು ಮಡಿಚಿದಳು. "ಆಗ ನಮ್ಮ ಮಗಳು ಎರಡು ಜಡೆ ಹಾಕ್ಕೊಂಡು ಹೈಸ್ಕೂಲಿಗೆ ಹೋಗ್ತಿದ್ಲು! ಈಗ ಅವಳಿಗೇ ಮಗಳು!"

"ಓಡದೆ ನಿಂತಿದ್ದ ಟೈರು ಕಣೇ," ಎಂದರು ಮಾಸ್ಟರು. "ಬಳಸದೆ ಇಟ್ಟ ವಸ್ತು ಹಾಳಾಗುತ್ತಾ? ಚೆನ್ನಾಗಿರೋದನ್ನ ಎಸೆಯೋಕೆ ನನಗೇನು ತಲೆ ಕೆಟ್ಟಿದೆಯಾ? ವ್ಯಾನಕ್ಕನಿಗೆ ದಿನಾ ಮಕ್ಕಳ ಜೊತೆ ಇದ್ದು ಇದ್ದು ಎಲ್ಲಾದಕ್ಕೂ ಹೆದರಿಕೆ."

ಎಣ್ಣೆ ಹೋದ ಜಾಗದಲ್ಲಿ ಕಾಜಮ್ಮನಿಗೆ ಕೂದಲೆಳೆಯಂಥ ಗೆರೆಗಳು ಕಂಡವು. ಹಳೆಯ ಚರ್ಮದ ಚೀಲದ ಮಡಿಕೆಯಲ್ಲಿ ಬರುತ್ತವಲ್ಲ, ಅಂಥವು. ಅವಳು ಸರಸರನೆ ಒಳಗೆ ಹೋಗಿ ಹೊಲಿಗೆ ಮೇಜಿನ ಕೊನೆಯ ಖಾನೆ ಎಳೆದಳು. ಅಲ್ಲೊಂದು ಎಲಾಸ್ಟಿಕ್ಕಿನ ಸುರುಳಿ ಇತ್ತು. ವರ್ಷಗಳ ಹಿಂದೆ ತಂದದ್ದು, ಒಂದು ಗೇಣೂ ಬಳಸಿರಲಿಲ್ಲ. ಅದನ್ನು ತಂದು ಗಂಡನ ಕೈಗಿಟ್ಟಳು.

"ಎಳೀರಿ."

"ಇದ್ಯಾಕೀಗ?"

"ಎಳೀರಿ ಅಂದೆ."

ಮಾಸ್ಟರು ಎಳೆದರು. ಎಲಾಸ್ಟಿಕ್ಕು ಚಟಚಟ ಸದ್ದು ಮಾಡಿ ಸಡಿಲಾಯಿತು. ಹಿಗ್ಗಿದ್ದು ಮತ್ತೆ ಕುಗ್ಗಲೇ ಇಲ್ಲ, ಸತ್ತ ಹಾವಿನ ಹಾಗೆ ಜೋತುಬಿತ್ತು.

"ಹೊಸ ಸುರುಳಿ," ಎಂದಳು ಕಾಜಮ್ಮ. "ಯಾರೂ ಮುಟ್ಟಿಲ್ಲ. ಇದನ್ನ ಹಾಕಿ ಒಂದು ಪೈಜಾಮ ಹೊಲೀತೀರಾ?"

"ಛೆ! ಗಿರಾಕಿ ಮರ್ಯಾದೆ ಬೀದಿ ಪಾಲಾಗುತ್ತೆ."

"ಹಳೇ ರಬ್ಬರನ್ನ ಗಿರಾಕಿ ಸೊಂಟಕ್ಕೆ ಹಾಕಲ್ಲ. ಮೊಮ್ಮಗಳ ಕೆಳಗೆ ಹಾಕ್ತೀರಾ?"

ಕಿಟಕಿಯಿಂದ ಅಜ್ಜಿ ಕೂಗಿದರು, "ಲೋ, ಪೈಜಾಮ ಜಾರಿದ್ರೆ ಕೈಯಲ್ಲಿ ಹಿಡ್ಕೋಬಹುದು ಕಣೋ! ಕಾರು ಜಾರಿದ್ರೆ ಯಾವ ಕೈಯಲ್ಲಿ ಹಿಡೀತೀಯಾ?"

ವ್ಯಾನಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ಮಾಸ್ಟರಿಗೂ ನಗು ತಡೆಯಲಾಗಲಿಲ್ಲ. ಆದರೂ ಅವರು ಸುಮ್ಮನೆ ಸೋಲುವ ಆಸಾಮಿಯಲ್ಲ. "ಆಯ್ತು, ನಾಲ್ಕಕ್ಕೆ ವಯಸ್ಸಾಯ್ತು. ದಾರೀಲಿ ಏನಾದ್ರೂ ಆದ್ರೆ ಸ್ಟೆಪ್ನಿ ಇದೆಯಲ್ಲ! ಅದು ಬಿಸಿಲೇ ಕಂಡಿಲ್ಲ!"

"ಕೊನೇ ಸಲ ಅದರ ಮುಖ ನೋಡಿದ್ದು ಯಾವಾಗ?" ಎಂದಳು ವ್ಯಾನಕ್ಕ.

ಕಾಜಮ್ಮ ಕತ್ತರಿ ತಂದು ಡಿಕ್ಕಿಯಲ್ಲಿದ್ದ ಚೀಲದ ಹೊಲಿಗೆ ಬಿಚ್ಚಿದಳು. ಗಂಡನ ಹೊಲಿಗೆ, ಬೇಗ ಬಿಚ್ಚುವಂಥದ್ದೇ? ಬೆವರು ಬಂತು. ಒಳಗಿದ್ದ ಟೈರನ್ನು ಎತ್ತಿ ನಿಲ್ಲಿಸಿದರೆ ಅದು ತನ್ನ ಭಾರಕ್ಕೇ ಕುಸಿದು ಕೂತಿತು. ಗಾಳಿ ಯಾವ ಕಾಲಕ್ಕೋ ಹೋಗಿತ್ತು.

"ಜಾಕ್ ಆದ್ರೂ ಇದೆಯಾ?" ವ್ಯಾನಕ್ಕ ಕೇಳಿದಳು.

ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಅಂಗಡಿಯ ಕಡೆ ತಿರುಗಿದರು. ಇಸ್ತ್ರಿ ಮೇಜಿನ ಕಾಲೊಂದು ಗಿಡ್ಡವಾಗಿದ್ದರಿಂದ, ಮೂರು ವರ್ಷದಿಂದ ಕಾರಿನ ಜಾಕು ಅದಕ್ಕೆ ಊರುಗೋಲಾಗಿ ನಿಂತಿತ್ತು!

ಈ ಸಲ ಮಾಸ್ಟರು ತಲೆ ಕೆರೆದುಕೊಂಡರು. "ಬಟ್ಟೆ ಕತ್ತರಿಸೋಕೆ ಮುಂಚೆ ಎರಡು ಸಲ ಅಳೆಯೋನು ನಾನು. ಇದನ್ನ ಒಂದು ಸಲಾನೂ ಅಳೀಲಿಲ್ಲವಲ್ಲ," ಎಂದರು ಮೆಲ್ಲಗೆ. ಆಮೇಲೆ ತಟ್ಟನೆ ದನಿ ಏರಿತು. "ನಡೀರಿ! ಈಗಲೇ ಟೈರ್ ಅಂಗಡಿಗೆ! ಭಾನುವಾರಕ್ಕೆ ಇನ್ನು ಎರಡೇ ದಿನ ಮಧ್ಯೆ!"

ವ್ಯಾನಕ್ಕ ಮೊದಲು ಮೀಟರು ತಂದು ಗಾಳಿ ನೋಡಿದಳು. ಡ್ರೈವರ್ ಬಾಗಿಲು ತೆರೆದರೆ ಚೌಕಟ್ಟಿನ ಮೇಲೆ ಅಂಟಿಸಿದ ಚೀಟಿಯಲ್ಲಿ, ತುಂಬಿದ ಗಾಡಿಗೆ ಮೂವತ್ತಮೂರು ಎಂದಿತ್ತು. ಮುಂದಿನ ಟೈರಿನಲ್ಲಿ ಇದ್ದದ್ದು ಇಪ್ಪತ್ತನಾಲ್ಕು.

"ಟೈರಿನ ಬದಿಯಲ್ಲಿ ಇದಕ್ಕಿಂತ ದೊಡ್ಡ ಅಂಕಿ ಬರೆದಿದೆಯಲ್ಲ?" ಕಾಜಮ್ಮ ಬಗ್ಗಿ ಓದಿದಳು.

"ಅದು ಟೈರು ತಡೆಯೋ ಮಿತಿ, ಕಾರಿಗೆ ಬೇಕಾದ ಲೆಕ್ಕ ಅಲ್ಲ. ಯಾವತ್ತೂ ಬಾಗಿಲ ಚೀಟೀನೇ ನೋಡಬೇಕು. ಅದೂ ಗಾಡಿ ಓಡಿಸೋಕೆ ಮುಂಚೆ, ಟೈರು ತಣ್ಣಗಿದ್ದಾಗ. ಗಾಳಿ ಕಮ್ಮಿ ಇದ್ರೆ ಟೈರು ಮಡಚಿ ಮಡಚಿ ಬಿಸಿಯಾಗುತ್ತೆ. ಮೇಲೆ ಐದು ಜನರ ಭಾರ, ಅಜ್ಜಿಯ ಮೂರು ಚೀಲ, ಕೆಳಗೆ ಕಾದ ರಸ್ತೆ. ವೇಗದಲ್ಲಿದ್ದಾಗ ಸಿಡಿದ್ರೆ ಗಾಡಿ ಕೈಗೆ ಸಿಗಲ್ಲ."

ವ್ಯಾನಕ್ಕನ ಪಂಪಿನಿಂದ ಗಾಳಿ ತುಂಬಿಸಿಕೊಂಡು, ನಿಧಾನವಾಗಿ ಎರಡು ಬೀದಿ ದಾಟಿ ಅಂಗಡಿ ತಲುಪಿದರು. ಟೈರ್ ಅಂಗಡಿಯವನು ಕಾರು ಎತ್ತಿ, ಚಕ್ರ ಕಳಚಿ, ಹಳೆಯ ಟೈರನ್ನು ನೆಲಕ್ಕೆ ಹಾಕಿ ಮಂಡಿಯಿಂದ ಒತ್ತಿದ. ಕೂದಲೆಳೆಯಂತಿದ್ದ ಗೆರೆಗಳು ಬಾಯಿಬಿಟ್ಟವು. ಒಂದರೊಳಗೆ ಮಾಸ್ಟರ ಉಗುರು ಇಳಿಯಿತು. ಆಳದಲ್ಲಿ ಬಟ್ಟೆಯ ಎಳೆ ಕಂಡಿತು.

"ನೂಲು," ಎಂದರು ಮಾಸ್ಟರು. "ಒಳಗೆ ನೂಲಿದೆ ಕಣೇ."

"ಟೈರಿಗೂ ಒಳಗೆ ನೇಯ್ಗೆ ಇರುತ್ತೆ ಸ್ವಾಮಿ. ಆ ನೂಲು ಕಂಡಿತು ಅಂದ್ರೆ ಒಂದು ದಿನವೂ ಓಡಿಸಬಾರದು," ಎಂದ ಅಂಗಡಿಯವನು. "ಆರು ವರ್ಷ ದಾಟಿದ ಟೈರನ್ನ ಪ್ರತಿ ವರ್ಷ ತೋರಿಸಬೇಕು. ಹತ್ತು ದಾಟಿದ್ರೆ ನೋಡೋಕೂ ಹೋಗಬಾರದು, ತೆಗೆದುಬಿಡಬೇಕು."

ನೂಲಿನ ಬೆಲೆ ಗೊತ್ತಿದ್ದ ಮನುಷ್ಯನಿಗೆ ಮತ್ತೇನು ಹೇಳಬೇಕು? ಸ್ಟೆಪ್ನಿ ಸೇರಿ ಐದೂ ಹೊಸದಾದವು. ಹಾಕುವ ಮೊದಲು ಮಾಸ್ಟರು ಐದರ ಅಂಕಿಗಳನ್ನೂ ಗಟ್ಟಿಯಾಗಿ ಓದಿದರು. ಚಕ್ರಗಳ ತೂಕ ಸರಿದೂಗಿಸಿದ್ದಾಯಿತು, ಅವು ನೇರಕ್ಕೆ ನಿಂತಿವೆಯೇ ಎಂದು ನೋಡಿದ್ದಾಯಿತು. ವೈಪರಿನ ರಬ್ಬರನ್ನು ಮಾಸ್ಟರೇ ಬೆರಳಲ್ಲಿ ಎಳೆದು ನೋಡಿ, "ಇದೂ ಎಲಾಸ್ಟಿಕ್ಕೇ, ಬದಲಾಯಿಸಿ!" ಎಂದರು.

ಶನಿವಾರ ವ್ಯಾನಕ್ಕ ತನ್ನ ತಂಗಿಯ ಮನೆಯಿಂದ ಮಗುವಿನ ಸೀಟು ತಂದುಕೊಟ್ಟಳು. "ಪಾಪುನ ತೊಡೆ ಮೇಲೆ ಇಟ್ಕೊಳ್ಳೋದು ಬೇಡ. ಬ್ರೇಕ್ ಹಾಕಿದ್ರೆ ಯಾವ ಅಮ್ಮನ ಕೈಗೂ ಹಿಡಿಯೋ ಶಕ್ತಿ ಸಾಲಲ್ಲ. ಹಿಂದಿನ ಸೀಟಲ್ಲಿ, ಮುಖ ಹಿಂದಕ್ಕೆ ಮಾಡಿ ಬಿಗೀರಿ."

"ಇದಕ್ಕೊಂದು ಚೆಂದದ ಕವರು..." ಮಾಸ್ಟರು ಶುರುಮಾಡಿದರು.

"ಬೇಡ!" ಮೂರು ಹೆಂಗಸರೂ ಒಂದೇ ಉಸಿರಿಗೆ ಕೂಗಿದರು.

ಭಾನುವಾರ ಆರಕ್ಕೆ ಹೊರಡುವ ಮುನ್ನ ಕಾಜಮ್ಮನೇ ಮೀಟರು ಹಿಡಿದು ಗಾಳಿ ನೋಡಿದಳು. ದೀಪ, ಬ್ರೇಕು, ಕನ್ನಡಿ. ಅಜ್ಜಿ ಮುಂದಿನ ಸೀಟಿನಲ್ಲಿ ಬೆಲ್ಟು ಬಿಗಿದುಕೊಂಡು ಎಲ್ಲರಿಗಿಂತ ಮೊದಲು ಕೂತಿದ್ದರು. ಮಾಸ್ಟರ ಫೋನು ಕಾಜಮ್ಮನ ಚೀಲ ಸೇರಿತು. ಎರಡು ಗಂಟೆಗೊಮ್ಮೆ ನಿಲ್ಲಿಸಿ ಕಾಲಾಡಿಸಿದರು. ಆ ದಿನ ಮಗಳ ಮನೆಯಲ್ಲೇ ಉಳಿದು, ಮೊಮ್ಮಗಳನ್ನು ಕೈಯಿಂದ ಕೈಗೆ ದಾಟಿಸಿ ಮುದ್ದಾಡಿ, ಮರುದಿನ ಬೆಳಿಗ್ಗೆ ತಾಯಿ ಮಗುವನ್ನು ಕೂರಿಸಿಕೊಂಡು ಹೊರಟರು.

ದಾರಿ ಅರ್ಧ ಮುಗಿದಾಗ ಮಳೆ ಸುರಿಯಿತು. ಮಾಸ್ಟರು ವೇಗ ಇಳಿಸಿದರು. ಒಂದು ತಿರುವು ದಾಟಿದ್ದೇ ತಡ, ರಸ್ತೆಯ ತುಂಬ ಕುರಿಗಳು! ನೆನೆದು ಮುದ್ದೆಯಾಗಿ, ಅಲುಗಾಡದೆ ನಿಂತಿದ್ದವು.

ಕಾಜಮ್ಮ ಮಗುವಿನ ಸೀಟನ್ನು ಎರಡೂ ಕೈಯಲ್ಲಿ ಅವುಚಿದಳು. ಕಣ್ಣ ಮುಂದೆ ಬಾಯಿಬಿಟ್ಟ ಆ ಹಳೆಯ ಟೈರು ಬಂತು.

ಮಾಸ್ಟರು ಬ್ರೇಕು ಒತ್ತಿದರು. ಹೊಸ ಟೈರುಗಳು ನೀರನ್ನು ಎರಡೂ ಬದಿಗೆ ಚಿಮ್ಮಿಸಿ, ನೆಲ ಕಚ್ಚಿ ಹಿಡಿದವು. ಕಾರು ಆಚೀಚೆ ಜಾರಲಿಲ್ಲ. ಗೆರೆ ಎಳೆದ ಹಾಗೆ ನೇರ ಬಂದು, ಮೊದಲ ಕುರಿಯಿಂದ ಎರಡು ಮಾರು ಈಚೆಗೆ ನಿಂತಿತು. ಕುರಿ ತಲೆಯೆತ್ತಿ ಎಲ್ಲರನ್ನೂ ಒಮ್ಮೆ ನೋಡಿತು.

ಅಜ್ಜಿಯೇ ಮೊದಲು ಮಾತಾಡಿದರು. "ನೋಡಿ, ನಮ್ಮ ಪಾಪುನ ನೋಡೋಕೆ ಊರಿಗೆ ಊರೇ ಬಂದಿದೆ."

ಮಗಳು ನಗುತ್ತ ಅತ್ತಳು, ಅಳುತ್ತ ನಕ್ಕಳು. ಕಾಜಮ್ಮ ಬಗ್ಗಿ ನೋಡಿದಳು. ಮಗು ಮುಷ್ಟಿ ಬಿಗಿದು ಮಲಗಿತ್ತು. ಎಚ್ಚರವೇ ಆಗಿರಲಿಲ್ಲ.

ಕುರಿಗಳು ದಾಟಿದ ಮೇಲೆ ಮಾಸ್ಟರು ಕಾರನ್ನು ಪಕ್ಕಕ್ಕೆ ಹಾಕಿ ಮಳೆಯಲ್ಲೇ ಇಳಿದರು. ಮುಂದಿನ ಟೈರನ್ನು ಅಂಗೈಯಿಂದ ಒಮ್ಮೆ ತಟ್ಟಿ, ತೊಯ್ದು ಬಂದು ಕೂತರು.

"ಏನು ನೋಡಿದ್ರಿ?" ಕಾಜಮ್ಮ ಕೇಳಿದಳು.

"ಹೊಲಿಗೆ," ಎಂದರು ಮಾಸ್ಟರು. "ಗಟ್ಟಿಯಾಗಿದೆ."

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯ ಮುಂದೆಯೂ ಒಂದು ಗಾಡಿ ನಿಂತಿದೆಯಲ್ಲವೇ? ಈ ಹಾಳೆ ಮಡಚುವ ಮೊದಲು ಎದ್ದು ಅದರ ಹತ್ತಿರ ಹೋಗಿ. ಟೈರಿನ ಬದಿ ಒರೆಸಿ, ಆ ನಾಲ್ಕು ಅಂಕಿ ಓದಿ. ಬಿರುಕಿದೆಯೇ, ಬದಿ ಊದಿಕೊಂಡಿದೆಯೇ, ಗೀರು ಸವೆದಿದೆಯೇ ನೋಡಿ. ತಿಂಗಳಿಗೊಮ್ಮೆ ಮತ್ತು ದೂರ ಹೊರಡುವ ಪ್ರತಿ ಬೆಳಿಗ್ಗೆ, ಬಾಗಿಲ ಚೀಟಿಯ ಲೆಕ್ಕಕ್ಕೆ ಗಾಳಿ ಸರಿಮಾಡಿಸಿ. ಸ್ಟೆಪ್ನಿಯನ್ನು ಮರೆಯಬೇಡಿ. ಜಾಕು ಮೇಜಿನ ಕೆಳಗಿದ್ದರೆ ತಂದು ಡಿಕ್ಕಿಗೆ ಹಾಕಿ. ಹತ್ತೇ ನಿಮಿಷದ ಕೆಲಸ. ನಿಮ್ಮ ಹಿಂದಿನ ಸೀಟಿನಲ್ಲಿ ಮಲಗಿದವರು ಎಚ್ಚರವಾಗದೆ ಮನೆ ಸೇರಲಿ.