ತನ್ನದಲ್ಲದ ಬೀಗ

ಕರುಮತ್ತಂಪಟ್ಟಿಯ ಮಗ್ಗದವರು ಪಾವು, ಅಂದರೆ ಮಗ್ಗಕ್ಕೆ ಏರಿಸುವ ಹಾಸುನೂಲಿನ ಉರುಳೆ, ಕಾದಿರಿಸಲು ಆಪ್ ಮಾಡಿಕೊಟ್ಟವಳು ಗೋಕಿಲಾ. ನಮ್ಮ ಬೀದಿಯ ಹುಡುಗಿ ಎಂದು ಎಲ್ಲರಿಗೂ ಹೆಮ್ಮೆ. ಹೆಮ್ಮೆ ಹೆಚ್ಚು ದಿನ ಬಾಳಲಿಲ್ಲ.

ಅವಳ ಅತ್ತೆ ಪಾಪಾತಿ ಒಂದು ಪಾವು ಕಾದಿರಿಸಿ ಗಾಡಿ ಕಳಿಸುವಷ್ಟರಲ್ಲಿ ಅದು ಗೋಪಾಲಸಾಮಿಯ ಮಗ್ಗ ಏರಿತ್ತು. ಗೋಪಾಲಸಾಮಿ ಪಾಪಾತಿಯ ಒಡಹುಟ್ಟಿದ ಅಣ್ಣ, ಗೋಕಿಲಾಳ ಅಪ್ಪ. ಫೋನಿನಲ್ಲಿ ನನ್ನ ಹೆಸರೇ ಬಂತು ಎಂದು ಅವನು, ನೀನು ಕಿತ್ತುಕೊಂಡೆ ಎಂದು ಅವಳು. ಅಣ್ಣ ತಂಗಿ ಮಾತು ಬಿಟ್ಟರು. ಪಾಪಾತಿ ಒಣಮೆಣಸಿನಕಾಯಿ ಕಟ್ಟಿಕೊಂಡು ಆನೈಮಲೈ ಬಸ್ಸು ಹತ್ತಿದಳೆಂದು ಗೋಕಿಲಾಳ ಕಿವಿಗೆ ಬಿತ್ತು. ಅಲ್ಲಿನ ಗುಡಿಯ ದೇವಿ ಮಾಸಾಣಿಯಮ್ಮನ ಮುಂದೆ ಮೆಣಸಿನಕಾಯಿ ಅರೆದು ಕಲ್ಲಿಗೆ ಹಚ್ಚಿದರೆ ಮೋಸ ಮಾಡಿದವರಿಗೆ ಉರಿ ಹತ್ತುತ್ತದೆಂದು ಆ ಕಡೆ ನಂಬಿಕೆ. ಸುದ್ದಿ ಕೇಳಿದ ಅಪ್ಪ ತಟ್ಟೆ ಮುಂದಿಂದ ಎದ್ದುಬಿಟ್ಟ.

ಅವಳು ಕೋಡ್ ಬಿಚ್ಚಿ ಕೂತಳು. ಹತ್ತಾರು ಫೋನುಗಳು ಏಕಕಾಲಕ್ಕೆ ಕೇಳುತ್ತವೆ. ಒಬ್ಬರು ಕೈಯಿಟ್ಟ ಪಾವಿಗೆ ಬೀಗ ಬೀಳುತ್ತದೆ, ಉಳಿದವರು ಕೊಂಚ ಕಾದು, ಸಿಗದಿದ್ದರೆ ಹಿಂದೆ ಸರಿಯಬೇಕು. ಅಷ್ಟು ಸರಿಯಾಗಿತ್ತು. ಆದರೆ ಹೊರಡುವವರೆಲ್ಲ ಬೀಗ ತೆಗೆದೇ ಹೊರಡಲಿ ಎಂದು ಬರೆದಿದ್ದಳು. ಮಗ್ಗದ ಮನೆಯಲ್ಲಿ ಬೆಳೆದವಳು ಮತ್ತೇನು ಬರೆದಾಳು? ಪಾಳಿ ಬಿಟ್ಟು ಹೊರಡುವವರು, ಕೆಲಸ ಆಗಲಿ ಬಿಡಲಿ, ಮುಂದಿನವರಿಗೆ ಅಗಳಿ ತೆಗೆದಿಟ್ಟು ಹೋಗುವುದೇ ಅಲ್ಲಿನ ಪದ್ಧತಿ. ಹಾಗಾಗಿ ಕಾದು ಬೇಸತ್ತು ಹೊರಟವರೂ ಬೀಗ ತೆಗೆದರು, ತೆಗೆದದ್ದು ಒಳಗಿದ್ದವರ ಬೀಗ. ಅಪ್ಪ ಕಾದು ಹಿಂದೆ ಸರಿದಾಗ ಅತ್ತೆಯ ಬೀಗ ಕಳಚಿತ್ತು. ಅವನು ಮತ್ತೆ ಒತ್ತಿದ, ಪಾವು ಅವನಿಗೂ ಸಿಕ್ಕಿತು.

ಬೀಗ ಹಾಕಿದವರೇ ತೆಗೆಯಬೇಕು, ಸಿಗದವರು ಸುಮ್ಮನೆ ಮರಳಬೇಕು ಎಂದು ತಿದ್ದುವುದು ಚಿಟಿಕೆ ಹೊಡೆಯುವಷ್ಟರ ಕೆಲಸ. ಅತ್ತೆಯ ಮನೆಯ ಮೆಟ್ಟಿಲು ಹತ್ತುವುದು ಹಾಗಿರಲಿಲ್ಲ.

ಪಾಪಾತಿ ಆಗಲೇ ಮರಳಿದ್ದಳು. ಉರಿಯುವ ಅಂಗೈಗಳಿಗೆ ಎಣ್ಣೆ ಸವರಿಕೊಂಡು ಜಗಲಿಯಲ್ಲಿ ಕೂತಿದ್ದಳು. ಗೋಕಿಲಾ ಒಂದನ್ನೂ ಮುಚ್ಚಿಡದೆ ಹೇಳಿದಳು. ಅಪ್ಪ ಕಿತ್ತುಕೊಂಡಿಲ್ಲ, ನಿಮ್ಮ ಬೀಗ ತೆಗೆಸಿದವಳು ನಾನು ಎಂದಳು.

ಅತ್ತೆ ಎಣ್ಣೆಯ ಬಟ್ಟಲು ಕೆಳಗಿಟ್ಟಳು.

"ಅಮ್ಮನ ಮುಂದೆ ನಿಂತಾಗ ಅಣ್ಣನ ಪೇರು ಬಾಯಿಗೆ ಬರ್ಲಿಲ್ಲ," ಎಂದಳು. "ಯಾರಿಂದ ನನ್ನ ಪಾವು ತಪ್ಪಿತೋ ಅವ್ರಿಗೇ ಉರಿ ಹತ್ಲಿ ಅಂತ ಅರೆದು ಬಂದ್ಬಿಟ್ಟೆ."

ಹೇಳುತ್ತಲೇ, ಆ ಉರಿ ಈಗ ಗೋಕಿಲಾಳಿಗೇ ತಗಲುತ್ತದೆಂದು ಅವಳಿಗೆ ಹೊಳೆಯಿತು. ದಡಬಡ ಎದ್ದು ಚಪ್ಪಲಿ ಮೆಟ್ಟಿದಳು. ಮುಂದಿನ ಬಸ್ಸಿಗೇ ಹೋಗಿ ಅಮ್ಮನ ಕಾಲಿಗೆ ಬೀಳಬೇಕು, ನಿಮ್ಮಪ್ಪನನ್ನೂ ಕರೆ ಎಂದಳು.